ಬಣ್ಣದ ಬುಟ್ಟಿಗಳ ಪಾಠ: ಮನೆಯಲ್ಲಿ ಚಂದ, ಉಗ್ರಾಣದಲ್ಲಿ ಶಿಸ್ತು



ಮುಂಬಯಿಯ ಉಪನಗರದಲ್ಲಿರುವ ನಮ್ಮ ಎರಡು ಕೋಣೆಯ ಮನೆಯಲ್ಲಿ ಬಣ್ಣ ಬಣ್ಣದ ಪ್ಲಾಸ್ಟಿಕ್ ಬುಟ್ಟಿಗಳು ಸಾಲಾಗಿ ಕುಳಿತಿವೆ. ಹಳದಿ ಬುಟ್ಟಿಯಲ್ಲಿ ಬಿಸ್ಕಿಟ್ ಮತ್ತು ತಿಂಡಿ, ಹಸಿರಿನಲ್ಲಿ ತರಕಾರಿ, ನೀಲಿಯಲ್ಲಿ ಔಷಧ, ತಿಳಿಗುಲಾಬಿಯಲ್ಲಿ ಸೂಜಿ, ನೂಲು, ಗುಂಡಿ. ಬೆತ್ತದ ಹೆಣಿಗೆಯಂತೆ ಕಾಣುವ ವಿನ್ಯಾಸ, ಹಿಡಿಕೆಯ ಮೇಲೆ ಹೂವು. ಮನೆಯಾಕೆ ಇವನ್ನು ಒಂದೊಂದಾಗಿ ತಂದಾಗ "ಇದೆಲ್ಲ ಬರೀ ಚಂದಕ್ಕೆ, ದುಡ್ಡು ದಂಡ" ಎಂದು ನಾನು ನಕ್ಕಿದ್ದೆ.

ಅದಕ್ಕೆ ಅವಳು ಕೊಟ್ಟ ಉತ್ತರ ಇದು: "ಚಂದಕ್ಕೆ ಮಾತ್ರ ಅಲ್ಲ ಮಾರಾಯ್ರೆ. ಮೊಮ್ಮಗಳಿಗೆ ಇನ್ನೂ ಅಕ್ಷರ ಬರುವುದಿಲ್ಲ. ಆದರೂ ಹಳದಿ ಬುಟ್ಟಿಯಿಂದ ಬಿಸ್ಕಿಟ್ ತಾ ಅಂದರೆ ತರ್ತಾಳೆ. ನೀಲಿ ಬುಟ್ಟಿ ಮುಟ್ಟಬಾರದು ಅಂದರೆ ಮುಟ್ಟುವುದಿಲ್ಲ. ನಿಮ್ಮ ಹೋಟೆಲಿನ ಉಗ್ರಾಣದಲ್ಲಿ ಒಂದು ಸಾಮಾನು ಬೇಕಾದರೆ ನೀವೇ ಹೋದರೂ ಅರ್ಧ ಗಂಟೆ ಹುಡುಕಬೇಕು!"

ಆ ಮಾತಿನ ಬೆಲೆ ನನಗೆ ತಿಳಿದದ್ದು ಕೆಲವು ತಿಂಗಳ ನಂತರ, ಒಂದು ಬೆಳಗಿನ ಜಾವ. ಗೋಳಿಬಜೆಯ ಹಿಟ್ಟು ಕಲಸುತ್ತಿದ್ದ ಭಟ್ಟರು "ಸೋಡಾ ತಾ" ಎಂದು ಹೊಸ ಹುಡುಗನನ್ನು ಕಳುಹಿಸಿದರು. ಜಾರ್ಖಂಡ್ ಕಡೆಯವನು, ಹತ್ತೊಂಬತ್ತು ವರ್ಷ, ಕೆಲಸಕ್ಕೆ ಸೇರಿ ವಾರವಾಗಿತ್ತಷ್ಟೆ. ಉಗ್ರಾಣದಲ್ಲಿ ಒಂದೇ ತರಹದ ಎರಡು ಬಿಳಿ ಡಬ್ಬಿಗಳಿದ್ದವು. ಒಂದರಲ್ಲಿ ಅಡುಗೆ ಸೋಡಾ, ಇನ್ನೊಂದರಲ್ಲಿ ಪಾತ್ರೆ ತೊಳೆಯುವ ವಾಷಿಂಗ್ ಸೋಡಾ. ಅವನು ಎರಡನೆಯದನ್ನು ತಂದ. ಭಟ್ಟರು ಅಳೆದು ಹಾಕುವ ಮೊದಲು ಅಭ್ಯಾಸಬಲದಿಂದ ಬೆರಳ ತುದಿಯಲ್ಲಿ ತಿಕ್ಕಿ ನೋಡಿದರು. ಕಾಳು ದೊರಗಾಗಿತ್ತು. ಹಾಕಲಿಲ್ಲ. ದೇವರ ದಯೆಯಿಂದ ಅಂದು ಯಾರಿಗೂ ಏನೂ ಆಗಲಿಲ್ಲ.

ನಾನು ಹುಡುಗನ ಮೇಲೆ ರೇಗಿದೆ. ಭಟ್ಟರು ತಡೆದರು. "ಧನಿಗಳೇ, ಅವನಿಗೆ ಬೈಯುವುದು ಬೇಡ. ಡಬ್ಬಿಯ ಮೇಲೆ ಕನ್ನಡದಲ್ಲಿ ಬರೆದವರು ನೀವು. ಅವನು ಹೇಗೆ ಓದುವುದು?"

ನನ್ನಲ್ಲಿ ಉತ್ತರವಿರಲಿಲ್ಲ. ಅಂದಿನಿಂದ ಉಗ್ರಾಣವನ್ನು ಬುಟ್ಟಿಗಳಿಂದ ಹೊಸದಾಗಿ ಜೋಡಿಸುತ್ತಾ ಕಲಿತದ್ದನ್ನು, ತಪ್ಪಿ ತಿದ್ದಿಕೊಂಡದ್ದನ್ನು ಪಾಠದ ರೂಪದಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ.

1. ಅಡುಗೆಮನೆಯ ಭಾಷೆ ಬದಲಾಗಿದೆ

ಒಂದು ಕಾಲದಲ್ಲಿ ನಮ್ಮ ಹೋಟೆಲುಗಳಲ್ಲಿ ಧನಿಯಿಂದ ಕ್ಲೀನರ್‌ವರೆಗೆ ಎಲ್ಲರೂ ಊರಿನವರೇ. ತುಳು, ಕನ್ನಡ, ಕೊಂಕಣಿಯಲ್ಲಿ ಕೂಗಿದರೆ ಕೆಲಸ ಆಗುತ್ತಿತ್ತು. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಕನ್ನಡ ರಾತ್ರಿಶಾಲೆಯಲ್ಲಿ ಕಲಿತ ಹುಡುಗರು ಮುಂದೆ ಹೋಟೆಲು ಮಾಲಕರಾದದ್ದು ಮುಂಬಯಿಯಲ್ಲಿ ನಾವೆಲ್ಲ ಕಂಡ ಸಂಗತಿ. ಡಬ್ಬಿಯ ಮೇಲೆ ಕನ್ನಡದಲ್ಲಿ ಬರೆದರೆ ಸಾಕಾಗಿತ್ತು.

ಇಂದು ಊರಿನ ಮಕ್ಕಳು ಓದಿ ಬೇರೆ ಬೇರೆ ಉದ್ಯೋಗಕ್ಕೆ ಹೋಗಿದ್ದಾರೆ. ಅದು ಸಂತೋಷದ ವಿಷಯ. ಅವರ ಜಾಗಕ್ಕೆ ಉತ್ತರ ಪ್ರದೇಶ, ಬಿಹಾರ, ಜಾರ್ಖಂಡ್, ಒಡಿಶಾ, ನೇಪಾಳದವರು ಬಂದಿದ್ದಾರೆ. ಒಬ್ಬನಿಗೆ ದೇವನಾಗರಿ ಬರುತ್ತದೆ, ಒಬ್ಬನಿಗೆ ಒಡಿಯಾ ಬರುತ್ತದೆ, ಒಬ್ಬನಿಗೆ ಯಾವ ಅಕ್ಷರವೂ ಸರಿಯಾಗಿ ಬರುವುದಿಲ್ಲ. ಚೆನ್ನೈ, ಹೈದರಾಬಾದ್, ದೆಹಲಿಯ ನಮ್ಮ ಬಂಧುಗಳ ಅನುಭವವೂ ಇದಕ್ಕಿಂತ ಬೇರೆಯಾಗಿರಲಾರದು. ಎಲ್ಲರಿಗೂ ತಿಳಿಯುವ ಲಿಪಿ ಒಂದೇ, ಅದು ಬಣ್ಣ. ಮನೆಯಲ್ಲಿ ಅಲಂಕಾರವಾಗಿರುವ ಬುಟ್ಟಿಯ ಬಣ್ಣ ಹೋಟೆಲಿನಲ್ಲಿ ಅಕ್ಷರದ ಕೆಲಸ ಮಾಡಬಲ್ಲದು. ಈ ಲೇಖನದ ಮುಖ್ಯ ಮಾತು ಇಷ್ಟೆ.

2. ಬಣ್ಣವನ್ನು ಹಂಚುವುದು

ಬುಟ್ಟಿಗಳಿಗೆ ಇಂಥದೇ ಬಣ್ಣ ಇರಬೇಕೆಂದು ನಾನು ಯಾವ ನಿಯಮವನ್ನೂ ಅನುಸರಿಸಿಲ್ಲ. ನಮ್ಮ ಸಸ್ಯಾಹಾರಿ ಹೋಟೆಲಿನಲ್ಲಿ ಮಾಡಿಕೊಂಡ ಏರ್ಪಾಡು ಹೀಗಿದೆ:

ಕಂದು: ಮಣ್ಣು ಮೆತ್ತಿದ, ತೊಳೆಯದ ತರಕಾರಿ.
ಹಸಿರು: ತೊಳೆದು ಹೆಚ್ಚಲು ಸಿದ್ಧವಾದ ತರಕಾರಿ, ಸೊಪ್ಪು.
ಬಿಳಿ: ಫ್ರಿಜ್ಜಿನಲ್ಲಿಡುವ ಹಾಲು, ಮೊಸರು, ಬೆಣ್ಣೆ, ಪನೀರ್ ಪ್ಯಾಕೆಟುಗಳು.
ಹಳದಿ: ಒಣ ಸಾಮಾನಿನ ಪ್ಯಾಕೆಟುಗಳು, ಅಂದರೆ ಮಸಾಲೆ, ಶ್ಯಾವಿಗೆ, ಸಕ್ಕರೆ, ಅಡುಗೆ ಸೋಡಾ.
ನೀಲಿ: ಆಹಾರವಲ್ಲದ ಶುದ್ಧ ವಸ್ತುಗಳು, ಅಂದರೆ ಪೇಪರ್ ನ್ಯಾಪ್ಕಿನ್, ಪಾರ್ಸೆಲ್ ಡಬ್ಬಿ, ಬಿಲ್ ಪುಸ್ತಕ.
ಕೆಂಪು: ಫಿನಾಯಿಲ್, ಬ್ಲೀಚಿಂಗ್ ಪುಡಿ, ವಾಷಿಂಗ್ ಸೋಡಾ, ಜಿರಳೆ ಔಷಧ. ಕೆಂಪು ಬುಟ್ಟಿಗೆ ಯಾವ ಕಾರಣಕ್ಕೂ ತಿನ್ನುವ ವಸ್ತು ಹಾಕಬಾರದು.

ಮಾಂಸಾಹಾರಿ ಹೋಟೆಲಿನವರು ಇಲ್ಲಿ ಎಚ್ಚರದಿಂದಿರಬೇಕು. ಅನೇಕ ದೊಡ್ಡ ಅಡುಗೆಮನೆಗಳಲ್ಲಿ ಕೆಂಪು ಎಂದರೆ ಹಸಿ ಮಾಂಸ, ನೀಲಿ ಎಂದರೆ ಹಸಿ ಮೀನು ಎಂಬ ರೂಢಿಯಿದೆ. ಕತ್ತರಿಸುವ ಹಲಗೆಗಳೂ ಆ ಬಣ್ಣಗಳಲ್ಲೇ ಸಿಗುತ್ತವೆ. ನಿಮ್ಮಲ್ಲಿ ಅದು ಬಳಕೆಯಲ್ಲಿದ್ದರೆ ಕೆಂಪನ್ನು ಮಾಂಸಕ್ಕೆ, ನೀಲಿಯನ್ನು ಮೀನಿಗೆ ಬಿಟ್ಟು, ರಾಸಾಯನಿಕಗಳಿಗೆ ಬೂದು ಬಣ್ಣ ಇಟ್ಟುಕೊಳ್ಳಿ. ಯಾವ ಬಣ್ಣ ಎಂಬುದಕ್ಕಿಂತ ಒಮ್ಮೆ ನಿಶ್ಚಯಿಸಿದ್ದನ್ನು ಬದಲಿಸದಿರುವುದು ಮುಖ್ಯ. "ಹಸಿರು ಬುಟ್ಟಿ ಮುಗಿದಿದೆ, ಇವತ್ತೊಂದು ದಿನ ಕೆಂಪಿನಲ್ಲಿಡು" ಎಂದು ಧನಿಯೇ ಹೇಳಿದರೆ ಅಲ್ಲಿಗೆ ಪಾಠ ಮುಗಿಯಿತು.

ಇನ್ನೊಂದು ಮಾತು. ಕೆಲವು ಗಂಡಸರಿಗೆ ಹುಟ್ಟಿನಿಂದಲೇ ಕೆಂಪು ಮತ್ತು ಹಸಿರಿನ ವ್ಯತ್ಯಾಸ ತಿಳಿಯುವುದಿಲ್ಲ. ಎಷ್ಟೋ ಸಲ ಅದು ಅವರಿಗೇ ಗೊತ್ತಿರುವುದಿಲ್ಲ. ಆದ್ದರಿಂದ ಬಣ್ಣದ ಜೊತೆಗೆ ಚಿತ್ರವೂ ಇರಲಿ. ರಾಸಾಯನಿಕದ ಬುಟ್ಟಿಗೆ ದೊಡ್ಡ ತಲೆಬುರುಡೆಯ ಗುರುತು ಅಂಟಿಸಿ, ಅದನ್ನು ಉಗ್ರಾಣದಲ್ಲಿ ಇಡದೆ ಬೇರೆ ಕಪಾಟಿನಲ್ಲಿ ಬೀಗ ಹಾಕಿ ಇಡಿ. ಎರಡು ಸೋಡಾಗಳು ಒಂದೇ ಹಲಗೆಯ ಮೇಲೆ ಇರದಿದ್ದರೆ ನಮ್ಮ ಹುಡುಗ ತಪ್ಪುವ ಸಂಭವವೇ ಇರಲಿಲ್ಲ.

ಇದನ್ನು ಸಣ್ಣ ವಿಷಯವೆಂದು ತಿಳಿಯಬೇಡಿ. 2013ರ ಜುಲೈ 16ರಂದು ಬಿಹಾರದ ಸಾರಣ್ ಜಿಲ್ಲೆಯ ಹಳ್ಳಿಶಾಲೆಯೊಂದರಲ್ಲಿ ಮಧ್ಯಾಹ್ನದ ಊಟ ಮಾಡಿದ 23 ಮಕ್ಕಳು ಪ್ರಾಣ ಕಳೆದುಕೊಂಡರು. ಅಡುಗೆ ಎಣ್ಣೆಯಲ್ಲಿ ಮೋನೊಕ್ರೊಟೊಫಾಸ್ ಎಂಬ ಕೀಟನಾಶಕ ಇತ್ತೆಂದು ಪ್ರಯೋಗಾಲಯದ ಪರೀಕ್ಷೆ ತೋರಿಸಿತು. ನಮ್ಮ ಹೋಟೆಲುಗಳಲ್ಲಿಯೂ ಖಾಲಿಯಾದ ಎಣ್ಣೆ ಕ್ಯಾನಿನಲ್ಲಿ ಫಿನಾಯಿಲ್, ನೀರಿನ ಬಾಟಲಿಯಲ್ಲಿ ಆಸಿಡ್ ತುಂಬಿಡುವ ಕೆಟ್ಟ ಅಭ್ಯಾಸ ಇದೆ. ಇದನ್ನು ಇಂದೇ ನಿಲ್ಲಿಸಿ. ರಾಸಾಯನಿಕ ಅದರ ಮೂಲ ಡಬ್ಬಿಯಲ್ಲಿಯೇ ಇರಲಿ, ಆ ಡಬ್ಬಿ ಖಾಲಿಯಾದರೆ ಮರುಬಳಕೆ ಮಾಡದೆ ಎಸೆಯಿರಿ.

3. ಯಾವ ಪ್ಲಾಸ್ಟಿಕ್?

ಬುಟ್ಟಿಯ ತಳ ತಿರುಗಿಸಿ ನೋಡಿ. ಬಾಣಗಳ ತ್ರಿಕೋನದೊಳಗೆ 1ರಿಂದ 7ರವರೆಗಿನ ಒಂದು ಸಂಖ್ಯೆ ಇರುತ್ತದೆ. ಅದು ಪ್ಲಾಸ್ಟಿಕ್ಕಿನ ಜಾತಿ. 2 ಎಂದರೆ ಎಚ್‌ಡಿಪಿಇ, 5 ಎಂದರೆ ಪಾಲಿಪ್ರೊಪಿಲೀನ್. ಉಗ್ರಾಣದ ಬುಟ್ಟಿ, ಕ್ರೇಟುಗಳಿಗೆ ಈ ಎರಡು ಸೂಕ್ತ. 3 ಎಂದರೆ ಪಿವಿಸಿ, ಅದು ನಮಗೆ ಬೇಡ. ಪಾಲಿಪ್ರೊಪಿಲೀನ್ ಬಿಸಿಯನ್ನು ಹೆಚ್ಚು ತಾಳುತ್ತದೆ, ಆದರೆ ಡೀಪ್ ಫ್ರೀಜರಿನ ಚಳಿಗೆ ಪೆಡಸಾಗಿ ಬಿದ್ದರೆ ಒಡೆಯುತ್ತದೆ. ಫ್ರೀಜರಿಗೆ ಎಚ್‌ಡಿಪಿಇ ಒಳ್ಳೆಯದು.

ತ್ರಿಕೋನದ ಸಂಖ್ಯೆ ಜಾತಿಯನ್ನು ಮಾತ್ರ ಹೇಳುತ್ತದೆ, ಆಹಾರಕ್ಕೆ ಯೋಗ್ಯವೇ ಎಂದು ಹೇಳುವುದಿಲ್ಲ. ಅದಕ್ಕೆ ಲೋಟ ಮತ್ತು ಫೋರ್ಕಿನ ಚಿಹ್ನೆ ಅಥವಾ 'ಫುಡ್ ಗ್ರೇಡ್' ಎಂಬ ಬರಹ ನೋಡಬೇಕು. ಆಹಾರಕ್ಕೆ ತಾಗುವ ಪಾಲಿಎಥಿಲೀನಿಗೆ ಐಎಸ್ 10146, ಪಾಲಿಪ್ರೊಪಿಲೀನಿಗೆ ಐಎಸ್ 10910 ಎಂಬ ಭಾರತೀಯ ಮಾನಕಗಳಿವೆ. ಹೆಚ್ಚು ಸಂಖ್ಯೆಯಲ್ಲಿ ಕೊಳ್ಳುವಾಗ ವ್ಯಾಪಾರಿಯಿಂದ ಇದನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ.

ರಸ್ತೆಬದಿಯಲ್ಲಿ ಅಗ್ಗಕ್ಕೆ ಸಿಗುವ ಕಪ್ಪು ಅಥವಾ ಮಾಸಲು ಬಣ್ಣದ, ಮೂಗಿಗೆ ಹಿಡಿದರೆ ಘಾಟು ಬರುವ ಬುಟ್ಟಿಗಳು ಸಾಮಾನ್ಯವಾಗಿ ಹಳೆ ಪ್ಲಾಸ್ಟಿಕ್ ಕರಗಿಸಿ ಮಾಡಿದವು. ಮೊದಲು ಅದರಲ್ಲಿ ಏನಿತ್ತೋ ಯಾರು ಬಲ್ಲರು? ಪೊರಕೆ, ನೆಲ ಒರೆಸುವ ಬಟ್ಟೆ ಇಡಲು ಅವು ಸಾಕು. ತೊಳೆದ ಸೊಪ್ಪಿಗೆ ಬೇಡ.

ಮನೆಗೆ ತರುವ ಅಲಂಕಾರದ ಬುಟ್ಟಿಗಳನ್ನೂ ಹೋಟೆಲಿಗೆ ತರಬೇಡಿ. ಈ ತಪ್ಪನ್ನು ನಾನೇ ಮಾಡಿದ್ದೆ. ಮೊದಲ ಉತ್ಸಾಹದಲ್ಲಿ ಹೆಣಿಗೆ ವಿನ್ಯಾಸದ ಒಂದು ಡಜನ್ ಬುಟ್ಟಿ ತಂದೆ. ತಿಂಗಳೊಳಗೆ ಹೆಣಿಗೆಯ ಸಂದುಗಳಲ್ಲಿ ಮಣ್ಣು, ಎಣ್ಣೆಯ ಜಿಡ್ಡು ಕುಳಿತಿತು, ಉಜ್ಜಿದರೂ ಹೋಗಲಿಲ್ಲ. ಬಣ್ಣದ ಹೂವಿನ ಸ್ಟಿಕ್ಕರ್ ಚೂರು ಚೂರಾಗಿ ಸೊಪ್ಪಿಗೆ ಬಿತ್ತು. ಮನೆಯಲ್ಲಿ ಬೀಗದ ಕೈ, ಪುಸ್ತಕ, ಆಟಿಕೆ, ಮಡಚಿದ ಬಟ್ಟೆ ಇಡಲು ಅವು ಬಹಳ ಚೆನ್ನ. ಹೋಟೆಲಿಗೆ ನಯವಾದ ಗೋಡೆಯ, ಮೂಲೆಗಳು ದುಂಡಗಿರುವ, ಒಂದೇ ಅಳತೆಯ, ಒಂದರ ಮೇಲೊಂದು ಕೂರುವ ಬುಟ್ಟಿ ಬೇಕು. ಕೊಳ್ಳುವ ಮೊದಲು ರ‍್ಯಾಕಿನ ಉದ್ದ, ಆಳ, ಎತ್ತರ ಅಳೆದುಕೊಂಡು ಹೋಗಿ.

4. ತೂತಿನ ಬುಟ್ಟಿಗೆ ಯಾವುದು, ಮುಚ್ಚಳದ ಡಬ್ಬಿಗೆ ಯಾವುದು?

ಉಸಿರಾಡುವ ವಸ್ತುವಿಗೆ ತೂತಿನ ಬುಟ್ಟಿ, ತೇವ ಹೀರುವ ವಸ್ತುವಿಗೆ ಮುಚ್ಚಳದ ಡಬ್ಬಿ. ಈ ಸೂತ್ರ ನೆನಪಿಟ್ಟರೆ ಸಾಕು.

ಈರುಳ್ಳಿ, ಬಟಾಟೆ, ಬೆಳ್ಳುಳ್ಳಿ, ಶುಂಠಿ ಇವಕ್ಕೆ ಗಾಳಿ ಬೇಕು. ಮಾರುಕಟ್ಟೆಯಿಂದ ಬಂದ ಗೋಣಿಯನ್ನು ಹಾಗೆಯೇ ಮೂಲೆಗೆ ನೂಕಿದರೆ ನಡುವಿನ ಒಂದು ಈರುಳ್ಳಿ ಕೊಳೆತು ಸುತ್ತಲಿನದನ್ನೂ ಕೊಳೆಸುತ್ತದೆ. ಬುಟ್ಟಿಗಳಿಗೆ ಸುರಿದು ಆರಿಸಿದರೆ ಕೆಟ್ಟದ್ದು ಮೊದಲ ದಿನವೇ ಕಣ್ಣಿಗೆ ಬೀಳುತ್ತದೆ. ಈರುಳ್ಳಿ ಮತ್ತು ಬಟಾಟೆಯನ್ನು ಅಕ್ಕಪಕ್ಕ ಇಡಬೇಡಿ, ಬಟಾಟೆ ಬೇಗ ಮೊಳಕೆ ಒಡೆಯುತ್ತದೆ. ಬಟಾಟೆಯ ಬುಟ್ಟಿಗೆ ಬೆಳಕು ಬೀಳಬಾರದು. ಬೆಳಕಿಗೆ ಹಸಿರಾದ ಬಟಾಟೆಯಲ್ಲಿ ಸೊಲನೈನ್ ಎಂಬ ವಿಷ ಹೆಚ್ಚುತ್ತದೆ, ಅದು ಬೇಯಿಸಿದರೂ ಹೋಗುವುದಿಲ್ಲ. ಬಾಳೆಹಣ್ಣು ಮಾಗುವಾಗ ಎಥಿಲೀನ್ ಅನಿಲ ಬಿಡುವುದರಿಂದ ಹತ್ತಿರದ ಸೊಪ್ಪು ಬೇಗ ಹಳದಿಯಾಗುತ್ತದೆ. ಬಾಳೆಹಣ್ಣಿನ ಬುಟ್ಟಿ ದೂರವಿರಲಿ.

ಅಕ್ಕಿ, ಬೇಳೆ, ರವೆ, ಮೈದಾ, ಉಪ್ಪು, ಸಕ್ಕರೆ ಬುಟ್ಟಿಯಲ್ಲಿಡುವ ವಸ್ತುಗಳಲ್ಲ. ಮಳೆಗಾಲದಲ್ಲಿ ತೇವ ಹಿಡಿಯುತ್ತವೆ, ಹುಳ ಬೀಳುತ್ತದೆ. ಇಲಿಗೆ ಪ್ಲಾಸ್ಟಿಕ್ ಒಂದು ಅಡ್ಡಿಯೇ ಅಲ್ಲ, ಕಡಿದು ಹಾಕುತ್ತದೆ. ಇವಕ್ಕೆ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಗಳೇ ಲೇಸು. ಪ್ಯಾಕೆಟಿನ ಸಾಮಾನುಗಳು ಮಾತ್ರ ಹಳದಿ ಬುಟ್ಟಿಗೆ.

ಸಾಮಾನು ಬಂದ ರಟ್ಟಿನ ಪೆಟ್ಟಿಗೆಗಳನ್ನು ಉಗ್ರಾಣದಲ್ಲಿ ಉಳಿಸಿಕೊಳ್ಳಬೇಡಿ. ರಟ್ಟಿನ ಮಡಿಕೆಗಳೊಳಗೆ ಜಿರಳೆ ಅಡಗಿ ಮೊಟ್ಟೆ ಇಡುತ್ತದೆ. ಬಾಗಿಲಲ್ಲೇ ಪೆಟ್ಟಿಗೆ ಬಿಚ್ಚಿ ಪ್ಯಾಕೆಟುಗಳನ್ನು ಬುಟ್ಟಿಗೆ ಹಾಕಿ, ರಟ್ಟನ್ನು ಅಂದೇ ಹೊರಗೆ ಕಳುಹಿಸಿ. ಬುಟ್ಟಿಯ ತಳಕ್ಕೆ ಹಳೆ ಪತ್ರಿಕೆ ಹಾಸುವುದೂ ಬೇಡ. ಆಹಾರ ಕಟ್ಟಲು, ಇಡಲು ಮುದ್ರಿತ ಪತ್ರಿಕೆ ಬಳಸಬಾರದೆಂದು 2018ರ ಎಫ್‌ಎಸ್‌ಎಸ್‌ಎಐ ಪ್ಯಾಕೇಜಿಂಗ್ ನಿಯಮಗಳು ಹೇಳುತ್ತವೆ.

ಕುದಿಯುವ ಸಾಂಬಾರು, ಬಿಸಿ ಎಣ್ಣೆಯನ್ನು ಯಾವ ಪ್ಲಾಸ್ಟಿಕ್ಕಿಗೂ ಸುರಿಯಬಾರದು. ಬುಟ್ಟಿಗಳನ್ನು ಒಲೆಯ ಬಳಿ, ಗ್ಯಾಸ್ ಕೊಳವೆಯ ಬಳಿ ರಾಶಿ ಹಾಕಬಾರದು.

5. ಎರಡು ಬುಟ್ಟಿಯ ಲೆಕ್ಕ

ಹಳೆಯದು ಮೊದಲು ಖರ್ಚಾಗಬೇಕು ಎಂಬುದು ನಮಗೆಲ್ಲ ಗೊತ್ತು. ಆದರೆ ನಡೆಯುವುದು ಬೇರೆ. ಹೊಸ ಸಾಮಾನು ಬಂದಾಗ ಹುಡುಗರು ಅವಸರದಲ್ಲಿ ಮುಂದೆಯೇ ಇಡುತ್ತಾರೆ, ಹಳೆಯದು ಹಿಂದೆ ಕುಳಿತು ಅವಧಿ ಮೀರುತ್ತದೆ.

ಉಪಾಯ ಸುಲಭ. ಪ್ರತಿ ಸಾಮಾನಿಗೆ ಒಂದೇ ಅಳತೆಯ ಎರಡು ಬುಟ್ಟಿ ಇಡಿ, ಒಂದು ಮುಂದೆ, ಒಂದು ಹಿಂದೆ. ಕೆಲಸ ನಡೆಯುವುದು ಮುಂದಿನದರಿಂದ ಮಾತ್ರ. ಅದು ಖಾಲಿಯಾದ ಕೂಡಲೇ ಹಿಂದಿನದು ಮುಂದೆ ಬರುತ್ತದೆ, ಖಾಲಿ ಬುಟ್ಟಿ ಗಲ್ಲಾದ ಹತ್ತಿರ ಹೋಗುತ್ತದೆ. ಸಂಜೆ ಗಲ್ಲಾದ ಬಳಿ ಯಾವ ಖಾಲಿ ಬುಟ್ಟಿಗಳಿವೆಯೋ ಅದೇ ನಾಳೆಯ ಖರೀದಿಯ ಪಟ್ಟಿ. ಹೊಸ ಸಾಮಾನು ಆ ಖಾಲಿ ಬುಟ್ಟಿಗೆ ಬೀಳುವುದರಿಂದ ಹಳೆಯದರ ಮೇಲೆ ಹೊಸದು ಸುರಿಯುವ ಪ್ರಶ್ನೆಯೇ ಇಲ್ಲ. ಜಪಾನಿನ ಟೊಯೊಟಾ ಕಾರ್ಖಾನೆಯವರು ಬಿಡಿಭಾಗಗಳಿಗೆ ರೂಢಿಸಿದ 'ಕಾನ್‌ಬಾನ್' ಪದ್ಧತಿಯ ತತ್ತ್ವವೂ ಇದೇ.

ಬುಟ್ಟಿಗೆ ಸಾಮಾನು ಬಿದ್ದ ದಿನಾಂಕವನ್ನು ಸ್ಲೇಟಿನಂಥ ಸಣ್ಣ ಫಲಕದಲ್ಲಿ ಅಂಕಿಗಳಲ್ಲಿ ಬರೆದು ತೂಗುಹಾಕಿ. ಅಕ್ಷರ ಬಾರದವನೂ ಅಂಕಿ ಬಲ್ಲ.

ಲೆಕ್ಕಕ್ಕೆ ಹೇಳುವುದಾದರೆ, ಕೊಳೆತ ಸೊಪ್ಪು, ಮೊಳಕೆ ಬಂದ ಬಟಾಟೆ, ಅವಧಿ ಮೀರಿದ ಪ್ಯಾಕೆಟು ಎಲ್ಲ ಸೇರಿ ದಿನಕ್ಕೆ 150 ರೂ. ನಷ್ಟವಾಗುತ್ತಿದ್ದರೆ ವರ್ಷಕ್ಕೆ 54,750 ರೂ. ಆಯಿತು. ನಿಮ್ಮ ಹೋಟೆಲಿನ ಕಸದ ಡಬ್ಬಿಯನ್ನು ಒಂದು ವಾರ ತೂಗಿ ನೋಡಿ, ನಿಮ್ಮ ಲೆಕ್ಕ ನಿಮಗೇ ಸಿಗುತ್ತದೆ.

6. ನೆಲ ಬಿಟ್ಟು, ಗೋಡೆ ಬಿಟ್ಟು

2005ರ ಜುಲೈ 26ರ ಮಳೆಯನ್ನು ಮುಂಬಯಿಯವರು ಮರೆಯುವಂತಿಲ್ಲ. ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿ.ಮೀ. ಮಳೆ ಸುರಿಯಿತು. ನೀರು ನುಗ್ಗಿದ ಅಂಗಡಿ, ಹೋಟೆಲುಗಳಲ್ಲಿ ಮೊದಲು ಹಾಳಾದದ್ದು ನೆಲದ ಮೇಲಿದ್ದ ಸಾಮಾನು. ಅಂಥ ಪ್ರವಾಹ ದಿನಾ ಬಾರದಿದ್ದರೂ ಅಡುಗೆಮನೆ ತೊಳೆದ ನೀರು ದಿನಾ ಹರಿಯುತ್ತದೆ. ಬುಟ್ಟಿಗಳನ್ನು ನೆಲದಿಂದ ಕನಿಷ್ಠ ಆರು ಇಂಚು ಎತ್ತರದ ರ‍್ಯಾಕಿನ ಮೇಲಿಡಿ. ಗೋಡೆಯಿಂದಲೂ ಸ್ವಲ್ಪ ಜಾಗ ಬಿಡಿ, ಪೊರಕೆ ಆಡಬೇಕು, ಇಲಿಯ ಓಡಾಟ ಕಾಣಬೇಕು. ಭಾರದ ಬುಟ್ಟಿ ಕೆಳಗೆ, ಹಗುರದ್ದು ಮೇಲೆ. ಒಬ್ಬನೇ ನಿರಾಯಾಸವಾಗಿ ಎತ್ತುವಷ್ಟೇ ತುಂಬಿಸಿ, ಬೆನ್ನು ಉಳುಕಿದವನು ನಾಳೆ ಕೆಲಸಕ್ಕಿಲ್ಲ.

7. ತೊಳೆಯುವ ಕ್ರಮ

ಕೊಳೆಯಾದ ಬುಟ್ಟಿ ಗೋಣಿಗಿಂತ ಕೆಟ್ಟದ್ದು. ಹಸಿರು ಮತ್ತು ಬಿಳಿ ಬುಟ್ಟಿಗಳನ್ನು ದಿನಾ, ಉಳಿದವನ್ನು ಖಾಲಿಯಾದಾಗಲೆಲ್ಲ ತೊಳೆಯಬೇಕು. ಮೊದಲು ಸಾಬೂನು ನೀರಲ್ಲಿ ಬ್ರಶ್ಶಿನಿಂದ ಉಜ್ಜಿ, ಶುದ್ಧ ನೀರಲ್ಲಿ ಜಾಲಾಡಿ. ನಂತರ ಕ್ಲೋರಿನ್ ನೀರಿನಲ್ಲಿ ಅದ್ದಿ. ಶೇ. 5ರ ಸೋಡಿಯಂ ಹೈಪೊಕ್ಲೋರೈಟ್ ದ್ರಾವಣ 20 ಮಿ.ಲೀ.ಯನ್ನು 10 ಲೀಟರ್ ನೀರಿಗೆ ಬೆರೆಸಿದರೆ ಸಾಕಷ್ಟು ಪ್ರಬಲವಾಗುತ್ತದೆ. ಬ್ಲೀಚನ್ನು ಕಕ್ಕಸು ತೊಳೆಯುವ ಆಸಿಡ್ ಜೊತೆ ಎಂದೂ ಬೆರೆಸಬಾರದು, ವಿಷದ ಅನಿಲ ಏಳುತ್ತದೆ. ತೊಳೆದ ಬುಟ್ಟಿಯನ್ನು ಬೋರಲು ಹಾಕಿ ಒಣಗಿಸಿ. ದಿನಗಟ್ಟಲೆ ಬಿಸಿಲಿನಲ್ಲಿ ಬಿಟ್ಟರೆ ಪ್ಲಾಸ್ಟಿಕ್ ಪೆಡಸಾಗುತ್ತದೆ. ಬಿರುಕು ಬಿಟ್ಟ ಬುಟ್ಟಿಯನ್ನು ತಂತಿ ಕಟ್ಟಿ ಉಳಿಸಬೇಡಿ. ಆ ಚೂರು ಯಾರದೋ ತಟ್ಟೆಗೆ ಹೋಗುತ್ತದೆ.

8. ಕೆಲಸದವರಿಗೂ ಒಂದು ಬುಟ್ಟಿ

ಅಕ್ಕಿ ಮೂಟೆಯ ಮೇಲೆ ಹುಡುಗರ ಅಂಗಿ, ಬೇಳೆ ಡಬ್ಬದ ಮೇಲೆ ಬಾಚಣಿಗೆ, ಮೊಬೈಲ್ ಚಾರ್ಜರ್ ನಾವು ಕಂಡದ್ದೇ. ಬೈದು ಪ್ರಯೋಜನವಿಲ್ಲ, ಅವರಿಗೆ ಇಡಲು ಜಾಗ ಕೊಟ್ಟಿದ್ದೇವೆಯೇ? ಮಲಗುವ ಕೋಣೆಯಲ್ಲಿ ಪ್ರತಿಯೊಬ್ಬನಿಗೂ ಮುಚ್ಚಳ ಮತ್ತು ಬೀಗ ಹಾಕಬಹುದಾದ ಒಂದು ಪ್ಲಾಸ್ಟಿಕ್ ಪೆಟ್ಟಿಗೆ ಕೊಡಿ. ಅದರಲ್ಲಿ ಬಟ್ಟೆ, ಆಧಾರ್ ಕಾರ್ಡ್, ಬ್ಯಾಂಕ್ ಪುಸ್ತಕ, ಮನೆಯವರ ಫೋಟೋ ಇರಲಿ. ಇಲ್ಲಿ ಬೇಕಾದರೆ ಹೂವಿನ ಚಿತ್ರದ ಅಲಂಕಾರದ ಪೆಟ್ಟಿಗೆಯನ್ನೇ ಕೊಡಿ. ಊರು ಬಿಟ್ಟು ಬಂದವನಿಗೆ ತನ್ನದೆನ್ನುವ ಒಂದು ಪೆಟ್ಟಿಗೆ ಎಷ್ಟು ದೊಡ್ಡದು ಎಂಬುದು ಒಂದು ಟ್ರಂಕು ಹಿಡಿದು ಮುಂಬಯಿಗೆ ಇಳಿದ ನಮ್ಮ ಹಿರಿಯರಿಗೆ ಗೊತ್ತಿತ್ತು.

ನಿಮ್ಮನ್ನು ನೀವೇ ಕೇಳಿಕೊಳ್ಳಬೇಕಾದ ಪ್ರಶ್ನೆಗಳು

1. ನಿನ್ನೆ ಸೇರಿದ ಹುಡುಗ ಯಾರನ್ನೂ ಕೇಳದೆ ಉಗ್ರಾಣದಿಂದ ಸರಿಯಾದ ಸಾಮಾನು ತರಬಲ್ಲನೇ?
2. ಆಹಾರ ಇರುವ ಕೋಣೆಯಲ್ಲಿ ಯಾವುದಾದರೂ ರಾಸಾಯನಿಕ ಇದೆಯೇ?
3. ಹೆಸರಿಲ್ಲದ ಬಿಳಿ ಪುಡಿ ಯಾವ ಡಬ್ಬಿಯಲ್ಲಾದರೂ ಇದೆಯೇ?
4. ನೆಲಕ್ಕೆ ತಾಗಿ ಏನೇನು ಇಟ್ಟಿದ್ದೀರಿ?
5. ರ‍್ಯಾಕಿನ ತೀರಾ ಹಿಂದೆ ಇರುವ ಪ್ಯಾಕೆಟಿನ ದಿನಾಂಕ ಯಾವುದು?

ಈ ಐದಕ್ಕೂ ಸಮಾಧಾನಕರ ಉತ್ತರ ಸಿಗುವವರೆಗೆ ಕೆಲಸ ಬಾಕಿ ಇದೆ ಎಂದೇ ತಿಳಿಯಿರಿ. ಎಲ್ಲವನ್ನೂ ಒಂದೇ ದಿನ ಮಾಡಬೇಕಾಗಿಲ್ಲ. ಮೊದಲು ರಾಸಾಯನಿಕಗಳನ್ನು ಬೇರ್ಪಡಿಸಿ, ಅದಕ್ಕೆ ಒಂದು ಮಧ್ಯಾಹ್ನ ಸಾಕು. ತರಕಾರಿಯ ಬುಟ್ಟಿಗಳು ಮುಂದಿನ ವಾರ, ಒಣ ಸಾಮಾನು ಅದರ ಮುಂದಿನ ವಾರ.

ನಮ್ಮ ಆ ಜಾರ್ಖಂಡಿನ ಹುಡುಗ ಈಗ ಉಗ್ರಾಣದ ಹೊಣೆ ಹೊತ್ತಿದ್ದಾನೆ. ಹೊಸಬರು ಬಂದರೆ ಬಣ್ಣಗಳ ಪಾಠ ಹೇಳಿಕೊಡುವವನೂ ಅವನೇ. ಕೆಂಪು ಬುಟ್ಟಿಯಿಂದ ಆರಂಭಿಸುತ್ತಾನೆ. ಮನೆಯಾಕೆಗೆ ಈ ಸಂಗತಿ ಹೇಳಿದಾಗ ಅವಳು, "ನಾನು ಅಂದೇ ಹೇಳಿರಲಿಲ್ಲವಾ ಮಾರಾಯ್ರೆ?" ಎಂದಳು. ಹೇಳಿದ್ದು ನಿಜ. ಕೇಳಿಸಿಕೊಳ್ಳುವುದಕ್ಕೆ ನನಗೆ ಒಂದು ಡಬ್ಬಿ ವಾಷಿಂಗ್ ಸೋಡಾ ಬೇಕಾಯಿತು. ನಿಮಗೆ ಅದರ ಅಗತ್ಯ ಬೀಳದಿರಲಿ.